ವಾಪಸು ಕೊಟ್ಟ ಸಂಖ್ಯೆ

ಕಾನ್ರಾಡ್ ಎಲ್ಲೆಫ್ಸನ್‌ಗೆ ಈ ಲೋಕದಲ್ಲಿ ಸಹಿಸಲಾಗದ ಜನ ಬಹಳ ಇದ್ದರು. ಅವರಲ್ಲೆಲ್ಲ ಕಡೆಯವರೆಂದರೆ ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುತ್ತಾ ಕೂರುವವರು. ಲಾಟರಿ ಕೊಳ್ಳುವವರು ಇವರಿಗಿಂತ ವಾಸಿ, ತಾವು ಆಡುತ್ತಿರುವುದು ಜೂಜೆಂದು ಅವರಿಗಾದರೂ ಗೊತ್ತಿರುತ್ತದೆ ಎನ್ನುತ್ತಿದ್ದ. ಇವರು ಏನು ಮಾಡುತ್ತಾರೆ? ಕಂಪ್ಯೂಟರಿಗೆ ಒಂದು ಸಂಖ್ಯೆ ಉಣಿಸಿ, ಅದು ವಾರಗಟ್ಟಲೆ ಗುಯ್‌ಗುಟ್ಟುವಾಗ ಪಕ್ಕದಲ್ಲಿ ಕಾಫಿ ಕುಡಿಯುತ್ತಾರೆ. ಕೊನೆಗೆ ಯಂತ್ರ 'ಇದು ಒಡೆಯುತ್ತದೆ' ಎಂದರೆ ಮುಂದಿನದನ್ನು ಉಣಿಸುತ್ತಾರೆ. 'ಒಡೆಯುವುದಿಲ್ಲ' ಎಂದರೆ ಪೇಪರಿನಲ್ಲಿ ಫೋಟೋ. ಇದಕ್ಕೂ ಗಣಿತಕ್ಕೂ ಏನು ಸಂಬಂಧ? ಅನ್ನ ಬೇಯಲು ಇಟ್ಟು ಕಾಯುವುದೂ ರಸಾಯನಶಾಸ್ತ್ರವೇ ಆದೀತು!

ಅಮೆರಿಕದ ಸೇಂಟ್ ಪಾಲ್ ನಗರದ ಒಂದು ಕಾಲೇಜಿನಲ್ಲಿ ಸಂಖ್ಯಾಸಿದ್ಧಾಂತ ಕಲಿಸುತ್ತಾ ತಲೆ ಬೆಳ್ಳಗಾದವನು ಅವನು. ಹಾಗಾಗಿ ಮಾರ್ಚ್ ತಿಂಗಳ ಆ ಬುಧವಾರ ಅಧ್ಯಾಪಕರ ಕೋಣೆಗೆ ಕಾಲಿಟ್ಟು, ಮೇಜಿನ ಮೇಲೆ ಕೇಕ್ ನೋಡಿದ ಕೂಡಲೇ ಮೂಗು ಮುರಿದ. ಬೆಳಿಗ್ಗೆ ತಾನೇ ಇಂಥ ಸಂಖ್ಯೆಗಳ ಬೇಟೆಗಾರರ ಸಂಘ ಸುದ್ದಿ ಹೊರಗೆ ಬಿಟ್ಟಿತ್ತು: ಇದುವರೆಗಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಸಿಕ್ಕಿದೆ. ಎರಡನ್ನು ಎರಡರಿಂದ ಲೆಕ್ಕವಿಲ್ಲದಷ್ಟು ಸಲ ಗುಣಿಸಿ, ಬಂದದ್ದರಲ್ಲಿ ಒಂದನ್ನು ಕಳೆದರೆ ಆ ಸಂಖ್ಯೆ. ಪೂರ್ತಿ ಬರೆಯಲು ಹೊರಟರೆ ಕಾಲೇಜಿನ ಗೋಡೆಗಳೆಲ್ಲ ಮುಗಿದರೂ ಅದು ಮುಗಿಯುವುದಿಲ್ಲ. ಕೇಕಿನ ಮೇಲೆ ಅದನ್ನು ಚಿಕ್ಕದು ಮಾಡಿ ಬರೆದಿದ್ದರು. ದಪ್ಪನೆಯ ಎರಡು, ಅದರ ಹೆಗಲ ಮೇಲೆ ಒಂಬತ್ತು ಅಂಕಿಯ ಪುಟ್ಟ ಘಾತ, ಆಮೇಲೆ ಮೈನಸ್ ಒಂದು. ಎಲ್ಲ ನೀಲಿ ಕ್ರೀಮಿನಲ್ಲಿ.

ವಿಭಾಗದ ಮುಖ್ಯಸ್ಥೆ ಪಾಹುವಾ ವಾಂಗ್ ತಟ್ಟೆ ಹಿಡಿದು ಹತ್ತಿರ ಬಂದಳು. ಅವಳೂ ಕಾನ್ರಾಡ್‌ನ ಹಳೆಯ ವಿದ್ಯಾರ್ಥಿನಿಯೇ, ಅದಕ್ಕೇ ಅವನೆದುರು ಇಂದಿಗೂ ಧ್ವನಿ ತಗ್ಗುತ್ತಿತ್ತು.

"ಸರ್, ಮಧ್ಯಾಹ್ನ ಟೀವಿಯವರು ಬರ್ತಿದ್ದಾರೆ. ಈ ಸಂಖ್ಯೆಯ ಗುಣಗಳ ಬಗ್ಗೆ ಎರಡು ಮಾತು ಆಡ್ತೀರಾ?"

"ಗುಣ! ಯಾವುದರಿಂದಲೂ ಭಾಗವಾಗಲ್ಲ. ಒಂದು ಮಾತಾಯ್ತು. ಬೆಸಸಂಖ್ಯೆ. ಎರಡಾಯ್ತು."

"ಜನಕ್ಕೆ ಸ್ವಲ್ಪ ಖುಷಿಯಾಗೋ ಹಾಗೆ ಏನಾದ್ರೂ..."

"ಖುಷಿಗೆ ಕೇಕ್ ತಂದಿದ್ದೀಯಲ್ಲ. ಅವರಿಗೂ ಒಂದೊಂದು ತುಂಡು ಕೊಟ್ಟು ಕಳಿಸು."

ಪಾಹುವಾ ಮುಖ ಸಣ್ಣದು ಮಾಡಿಕೊಂಡು ಹೋದಳು. ಕಾನ್ರಾಡ್ ಫೋರ್ಕ್ ಹಿಡಿದು ಆ ಘಾತವನ್ನು ನೋಡುತ್ತಾ ನಿಂತ. ದೊಡ್ಡ ಸಂಖ್ಯೆ ಕಂಡರೆ ಅವನಿಗೊಂದು ಚಟ: ಅದಕ್ಕೆ ಎರಡು ಕೂಡಿಸುವುದು, ಎರಡು ಕಳೆಯುವುದು. ಕಳೆದದ್ದು ಮೂರರಿಂದ ಸಲೀಸಾಗಿ ಹೋಯಿತು. ಕೂಡಿದ್ದು ಮೂರರಿಂದ ಹೋಗಲಿಲ್ಲ, ಏಳರಿಂದಲೂ ಹೋಗಲಿಲ್ಲ. ತಟ್ಟೆಯನ್ನು ಅಲ್ಲೇ ಇಟ್ಟು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ನೋಡಿದ. ಘಾತಕ್ಕೆ ಎರಡು ಕೂಡಿಸಿದರೆ ಬರುವುದೂ ಅವಿಭಾಜ್ಯವೇ. ನಂಬದೆ ಇನ್ನೊಮ್ಮೆ ಅಂಕಿಗಳನ್ನು ಒತ್ತಿ ನೋಡಿದ.

ಯಾಕೆಂದರೆ ಕಾನ್ರಾಡ್ ಎಲ್ಲೆಫ್ಸನ್ ಎಂಬ ಹೆಸರು ಗಣಿತದವರ ಬಾಯಲ್ಲಿ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದರೆ, ಅದು ಒಂದೇ ಒಂದು ಕಾರಣಕ್ಕೆ. ಹನ್ನೊಂದು ಮತ್ತು ಹದಿಮೂರು, ಹದಿನೇಳು ಮತ್ತು ಹತ್ತೊಂಬತ್ತು, ಹೀಗೆ ನಡುವೆ ಒಂದೇ ಸರಿಸಂಖ್ಯೆಯನ್ನಿಟ್ಟುಕೊಂಡು ಅಕ್ಕಪಕ್ಕ ನಿಂತಿರುವ ಅವಿಭಾಜ್ಯಗಳಿಗೆ ಅವಳಿ ಎನ್ನುತ್ತಾರೆ. ಸಂಖ್ಯೆಗಳು ಒಂದು ಮಿತಿ ದಾಟಿದ ಮೇಲೆ, ಘಾತ ಅವಳಿಯಾಗಿದ್ದರೆ ಅದರಿಂದ ಹುಟ್ಟುವ ಮಹಾಸಂಖ್ಯೆ ಎಂದಿಗೂ ಅವಿಭಾಜ್ಯವಾಗಲಾರದು ಎಂದು ಅವನು ಪ್ರಾಯದಲ್ಲಿ ಬರೆದಿದ್ದ. ಅದಕ್ಕೆ 'ಎಲ್ಲೆಫ್ಸನ್ ಊಹೆ' ಎಂದು ಹೆಸರಾಗಿತ್ತು. ಬಹಳ ಚೆಂದದ ಊಹೆ ಎಂದು ಎಲ್ಲರೂ ಹೇಳಿದರು, ಸಾಬೀತು ಮಾಡಲು ಯಾರಿಂದಲೂ ಆಗಲಿಲ್ಲ. ಅವನಿಂದಲೂ ಆಗಲಿಲ್ಲ. ಅದನ್ನು ಈಗ ಯಾವನೋ ಒಬ್ಬನ ಕಂಪ್ಯೂಟರು, ಅಂಥದ್ದೊಂದು ಊಹೆ ಇದೆಯೆಂಬ ಪರಿವೆಯೂ ಇಲ್ಲದೆ, ನೆಲಕ್ಕೆ ಕೆಡವಿತ್ತು.

ಅವನಿಗೆ ಸಮಾಧಾನವೂ ಬೇಗ ಸಿಕ್ಕಿತು. ಪಕ್ಕದ ಕೋಣೆಯಲ್ಲಿ ಎಲ್ಲರೂ ಆ ಘಾತವನ್ನೇ ಬಾಯಿ ಚಪ್ಪರಿಸಿ ತಿನ್ನುತ್ತಿದ್ದಾರೆ, ಒಬ್ಬರಿಗೂ ಅನುಮಾನ ಬಂದಿಲ್ಲ. ತನ್ನ ಪ್ರಬಂಧವನ್ನು ಈ ದಡ್ಡರಲ್ಲಿ ಯಾರೂ ಓದಿಲ್ಲ ಎಂದು ಇಷ್ಟು ವರ್ಷ ಹಲ್ಲು ಕಡಿದವನಿಗೆ ಇವತ್ತು ಅದೇ ನೆಮ್ಮದಿಯಾಯಿತು. ಈ ಮನುಷ್ಯನ ನೆಮ್ಮದಿಯೂ ಇನ್ನೊಬ್ಬರ ದಡ್ಡತನದ ಮೇಲೆಯೇ ನಿಂತಿರಬೇಕು, ಏನು ಮಾಡುವುದು.

ಆದರೆ ಒಬ್ಬನಿಗೆ ಗೊತ್ತಾಗುತ್ತದೆ. ಅದು ನೆನಪಾದದ್ದು ಸಂಜೆ ತಂಗಿ ಮಾರಿಟ್ ಡುಲೂತ್‌ನಿಂದ ಫೋನ್ ಮಾಡಿದಾಗ.

"ಕಾನ್, ಶನಿವಾರ ಊಟಕ್ಕೆ ಬಾ."

"ಏನು ವಿಶೇಷ? ನಿನ್ನ ಗಂಡ ಕೊನೆಗೂ ಏನಾದ್ರೂ ಹಿಡಿದನಾ?"

"ಹಿಡಿದಿದ್ದು ಬೇರೆಯವರು. ರೇಯ್ನೊಗೆ ನಿನ್ನ ಹತ್ರ ಏನೋ ಕೇಳಬೇಕಂತೆ."

"ಫೋನಲ್ಲೇ ಕೇಳಲಿ."

"ಫೋನಲ್ಲಿ ಕೇಳೋ ಅಂಥದ್ದಲ್ಲವಂತೆ. ಅವನು ಸರಿಯಾಗಿ ಊಟ ಮಾಡ್ತಿಲ್ಲ, ಕಾನ್. ಬಾ."

ರೇಯ್ನೊ ಲಾಹ್ಟಿ ಡುಲೂತ್‌ನಲ್ಲಿ ಸೋಫಾ ಅಂಗಡಿ ಇಟ್ಟವನು. ತಂಗಿ ಇವನನ್ನು ಮದುವೆಯಾಗುತ್ತೇನೆ ಎಂದ ದಿನ ಕಾನ್ರಾಡ್ ಅವಳನ್ನು ಕೇಳಿದ್ದ, "ಕೂರೋದು ಬಿಟ್ಟು ಬೇರೆ ಏನಾದ್ರೂ ಗೊತ್ತಾ ಅವನಿಗೆ?" ಅಂಗಡಿ ಚೆನ್ನಾಗಿ ನಡೆಯಿತು, ಸಂಸಾರವೂ ಚೆನ್ನಾಗಿ ನಡೆಯಿತು. ಕಾನ್ರಾಡ್‌ನ ಅಭಿಪ್ರಾಯ ಮಾತ್ರ ಎಳ್ಳಷ್ಟೂ ಅಲುಗಲಿಲ್ಲ. ಅದರ ಮೇಲೆ ಈ ಸೋಫಾ ಸಾಹುಕಾರನಿಗೆ ಅವಿಭಾಜ್ಯಗಳ ಬೇಟೆಯ ಹುಚ್ಚು ಹತ್ತಿತು. ಬೇಸ್‌ಮೆಂಟಿನಲ್ಲಿ ಸೌನಾದ ಹಬೆಕೋಣೆಯ ಪಕ್ಕ ಕಂಪ್ಯೂಟರುಗಳನ್ನು ಸಾಲಾಗಿ ಜೋಡಿಸಿದ. ಅವುಗಳ ಬಿಸಿಗೆ ಮಾರಿಟ್ ಅಲ್ಲೇ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದಳು. ಅದನ್ನು ನೋಡಿ ಕಾನ್ರಾಡ್, "ಅಮೆರಿಕದಲ್ಲೇ ಅತಿ ದುಬಾರಿಯ ಕಾಲುಚೀಲ ಒಣಗಿಸೋ ಯಂತ್ರ" ಎಂದಿದ್ದ. ರೇಯ್ನೊ ಹೊಟ್ಟೆ ಹಿಡಿದು ನಕ್ಕಿದ್ದ. ಅವನಿಗೆ ಬೈದರೂ ಹೊಗಳಿದಂತೆಯೇ ಕೇಳಿಸುತ್ತಿತ್ತು. ಬೈದದ್ದು ಪ್ರೊಫೆಸರು ತಾನೆ!

ಈ ಬೇಟೆಯಲ್ಲಿ ಒಂದು ಕ್ರಮವಿದೆ. ಸಂಘದವರು ಒಬ್ಬೊಬ್ಬರಿಗೆ ಒಂದೊಂದು ಘಾತ ಹಂಚುತ್ತಾರೆ. ಬೇಡವೆಂದರೆ ವಾಪಸು ಕೊಡಬಹುದು, ಅದು ಇನ್ನೊಬ್ಬರ ಪಾಲಿಗೆ ಹೋಗುತ್ತದೆ. ಹಣೆಬರಹವಿದ್ದವನ ಕೈಯಲ್ಲಿ ಅವಿಭಾಜ್ಯ ಸಿಕ್ಕಿತೆಂದರೆ, ಬೇರೆಯವರು ಬೇರೆ ಯಂತ್ರದಲ್ಲಿ ಪರೀಕ್ಷೆ ಮಾಡಿ ಮುಗಿಸುವ ತನಕ ಅವನು ತುಟಿ ಬಿಚ್ಚಬಾರದು. ಆಮೇಲೆ ಆ ಸಂಖ್ಯೆಯ ಪಕ್ಕದಲ್ಲಿ ಅವನ ಹೆಸರು ನಿಲ್ಲುತ್ತದೆ, ಗಣಿತ ಇರುವ ತನಕ. ರೇಯ್ನೊಗೆ ಬೇಕಾಗಿದ್ದುದು ಅಷ್ಟೇ. ಅವನಿಗೆ ಮಕ್ಕಳಿಲ್ಲ, ಅಂಗಡಿಯನ್ನೂ ಮಾರಲು ಹೊರಟಿದ್ದ. "ಹೊಸಬರು ಮೊದಲು ಕೀಳೋದು ಬೋರ್ಡನ್ನೇ. ಲಾಹ್ಟಿ ಅನ್ನೋ ಹೆಸರು ಎಲ್ಲಾದ್ರೂ ಒಂದು ಕಡೆ ಇರಲಿ ಅಂತ," ಎಂದು ಒಮ್ಮೆ ನಾಚಿಕೊಂಡೇ ಹೇಳಿದ್ದ. ಆಗ ಕಾನ್ರಾಡ್ ಆಕಳಿಸಿದ್ದ.

ಕೆಲವು ವರ್ಷಗಳ ಹಿಂದೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ಹೊತ್ತಿಗೆ, ಟರ್ಕಿ ಕೋಳಿಯನ್ನು ಕೊಯ್ಯುತ್ತಾ ರೇಯ್ನೊ ಕೇಳಿದ್ದ, "ಪ್ರೊಫೆಸರೇ, ಅವಳಿ ಘಾತದಿಂದ ಅವಿಭಾಜ್ಯ ಬರೋದೇ ಇಲ್ಲ ಅಂತ ನೀವು ಬರೆದಿದ್ದೀರಂತೆ. ಹೌದಾ?"

"ಹೌದು."

"ಸಾಬೀತಾಗಿದೆಯಾ?"

ಗಣಿತದಲ್ಲಿ 'ಹೀಗಿರಬೇಕು' ಎನ್ನುವುದಕ್ಕೂ 'ಹೀಗೇ ಇದೆ' ಎನ್ನುವುದಕ್ಕೂ ನಡುವೆಯೇ ಇಡೀ ಶಾಸ್ತ್ರ ಇರುವುದು. ಆ ಎರಡನ್ನು ಬೆರೆಸಿದ ವಿದ್ಯಾರ್ಥಿಗಳನ್ನು ಕಾನ್ರಾಡ್ ಕರುಣೆಯಿಲ್ಲದೆ ಫೇಲು ಮಾಡಿದ್ದಾನೆ. ಒಬ್ಬ ಹುಡುಗಿ ಅವನ ಕೋಣೆಯಲ್ಲೇ ಅತ್ತುಬಿಟ್ಟಿದ್ದಳು. ಆದರೆ ಕೇಳುತ್ತಿರುವವನು ರೇಯ್ನೊ. ಒರಗುಕುರ್ಚಿ ಮಾರುವವನಿಗೆ ಊಹೆಯೆಂದರೇನು, ಅದನ್ನು ಸಾಬೀತು ಮಾಡುವ ಸಾಧನೆಯೆಂದರೇನು ಎಂದು ವಿವರಿಸುತ್ತಾ ಕೂತರೆ ಊಟ ಆರಿಹೋಗುತ್ತದೆ.

"ಆಗಿದೆ, ಆಗಿದೆ. ಆ ಕ್ರ್ಯಾನ್‌ಬೆರಿ ಸಾಸ್ ಸ್ವಲ್ಪ ಈ ಕಡೆ ಕೊಡು."

"ಹಾಗಾದ್ರೆ ನನ್ನ ಪಾಲಿಗೆ ಬಂದ ಅವಳಿಗಳನ್ನೆಲ್ಲ ಬಿಟ್ಟುಬಿಡಲಾ?"

"ಕರೆಂಟ್ ಸುಡಲೇಬೇಕು ಅಂತಿದ್ರೆ, ಅಷ್ಟಾದ್ರೂ ಉಳಿಸು."

ಅಷ್ಟೇ ನಡೆದದ್ದು. ಆಮೇಲೆ ಹಿಮದ ಮಾತು, ಫುಟ್‌ಬಾಲಿನ ಮಾತು.

ಶನಿವಾರ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟ ಕಾನ್ರಾಡ್ ದಾರಿಯುದ್ದಕ್ಕೂ ಮಾತು ಜೋಡಿಸುತ್ತಾ ಹೋದ. ಹಿಂಕ್ಲಿಯಲ್ಲಿ ಕಾಫಿಗೆ ನಿಲ್ಲಿಸುವ ಹೊತ್ತಿಗೆ ಮಾತು ಸಿದ್ಧವಾಗಿತ್ತು. ಸಾಧನೆಯಲ್ಲಿ ತಪ್ಪು ಸಿಕ್ಕಿದೆ ಎಂದುಬಿಡುವುದು. ಎಂಥೆಂಥವರ ಸಾಧನೆಗಳಲ್ಲೋ ವರ್ಷಗಳಾದ ಮೇಲೆ ತಪ್ಪು ಸಿಕ್ಕಿದೆ. ಅದರಲ್ಲಿ ನಾಚಿಕೆಯಿಲ್ಲ, ಒಂದು ಬಗೆಯ ದೊಡ್ಡತನವೇ ಇದೆ. ಸೋಫಾ ಮಾರುವವನ ಮುಂದೆ ತಲೆ ತಗ್ಗಿಸುವ ಪ್ರಮೇಯ ಬರುವುದಿಲ್ಲ. ಆ ಪುಣ್ಯಾತ್ಮನಿಗೆ ಅದೂ ಅರ್ಥವಾಗದೆ, 'ಅಯ್ಯೋ ಪಾಪ' ಎಂದು ಎರಡನೇ ಸಲ ಊಟ ಬಡಿಸಿದರೂ ಬಡಿಸಿಯಾನು.

ಡುಲೂತ್‌ನಲ್ಲಿ ಸರೋವರದ ದಡದಲ್ಲಿ ಮಂಜುಗಡ್ಡೆ ಇನ್ನೂ ಕರಗಿರಲಿಲ್ಲ. ರೇಯ್ನೊ ಬಾಗಿಲಲ್ಲೇ ನಿಂತಿದ್ದ. ಮುಖ ಇಳಿದಿತ್ತು, ಆದರೂ ಎಂದಿನಂತೆ ಎರಡೂ ಕೈಯಲ್ಲಿ ಕೈ ಹಿಡಿದು, "ದಾರಿ ಹೇಗಿತ್ತು ಪ್ರೊಫೆಸರೇ?" ಎಂದ. ಮಾರಿಟ್ ಕೋಟು ಇಸಿದುಕೊಂಡಳು. ಮೇಜಿನ ಮೇಲೆ ಕಾಡಕ್ಕಿ ಮತ್ತು ಕೋಳಿ ಹಾಕಿ ಬೇಯಿಸಿದ ದೊಡ್ಡ ಪಾತ್ರೆ, ಪಕ್ಕದಲ್ಲಿ ಹೆಣೆದಂತೆ ಮಾಡಿದ ಏಲಕ್ಕಿ ಬ್ರೆಡ್ಡು.

ಊಟ ಅರ್ಧವಾಗುವ ತನಕ ರೇಯ್ನೊ ಸಂಖ್ಯೆ ಹಿಡಿದವನ ಗುಣಗಾನ ಮಾಡಿದ. ಹ್ಯಾಲಿಫ್ಯಾಕ್ಸ್‌ನ ಹುಡುಗನಂತೆ, ಹಲ್ಲಿನ ಡಾಕ್ಟರಿಕೆ ಓದುತ್ತಿದ್ದಾನಂತೆ, ಬೇಟೆಗೆ ಸೇರಿ ವರ್ಷವೂ ಆಗಿಲ್ಲವಂತೆ.

"ಸಂಖ್ಯೆಯ ಪರೀಕ್ಷೆ ಮುಗಿಯೋ ತನಕ ಅವರಮ್ಮನಿಗೂ ಹೇಳಲಿಲ್ಲವಂತೆ ನೋಡಿ! ನಾನಾಗಿದ್ರೆ ಹೊಟ್ಟೆ ಒಡೆದು ಸಾಯ್ತಿದ್ದೆ."

"ಹಲ್ಲು ಕೀಳೋನಿಗೆ ಬಾಯಿ ಮುಚ್ಚಿಕೊಂಡಿರೋದು ಕಷ್ಟವೇ," ಎಂದ ಕಾನ್ರಾಡ್. ಯಾರೂ ನಗಲಿಲ್ಲ.

ರೇಯ್ನೊ ಚಮಚ ಕೆಳಗಿಟ್ಟ. "ಪ್ರೊಫೆಸರೇ, ಆ ಘಾತ ಅವಳಿ."

"ಗೊತ್ತು."

"ನಾನು ಎರಡು ಕೂಡಿಸಿ ಕೂಡಿಸಿ ನೋಡಿದೆ. ನನ್ನ ಲೆಕ್ಕವೇ ತಪ್ಪು ಅಂದ್ಕೊಂಡೆ. ಅದು ನನ್ನ ಹತ್ರ ಇತ್ತು."

"ಏನು ನಿನ್ನ ಹತ್ರ ಇತ್ತು?"

"ಅದೇ ಘಾತ. ಹೋದ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂದಿತ್ತು. ಆಗ ಅಂಗಡಿಯಲ್ಲಿ ಸೇಲ್ ಗಲಾಟೆ, ಅವಳಿಯೋ ಅಲ್ಲವೋ ಅಂತ ನೋಡದೆ ಯಂತ್ರಕ್ಕೆ ಹಾಕಿಬಿಟ್ಟಿದ್ದೆ. ಅರ್ಧಕ್ಕಿಂತ ಹೆಚ್ಚೇ ಓಡಿತ್ತು. ಆಮೇಲೆ ನೋಡಿದ್ರೆ ಅವಳಿ! ಅಯ್ಯೋ ದಡ್ಡ, ಪ್ರೊಫೆಸರ್ ಅಷ್ಟು ಸ್ಪಷ್ಟವಾಗಿ ಹೇಳಿದ್ರಲ್ಲ ಅಂತ ನನಗೆ ನಾನೇ ಬೈದುಕೊಂಡು, ನಿಲ್ಲಿಸಿ ವಾಪಸು ಕೊಟ್ಟೆ."

ಕಾನ್ರಾಡ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಹೆದ್ದಾರಿಯಲ್ಲಿ ಜೋಡಿಸಿದ ಮಾತಿನಲ್ಲಿ ಇದಕ್ಕೆ ಜಾಗವಿರಲಿಲ್ಲ. ಊಹೆ ಬಿದ್ದದ್ದು ತನ್ನೊಬ್ಬನ ಮನೆಯ ಸಾವು ಎಂದುಕೊಂಡಿದ್ದ. ಈ ಮನುಷ್ಯ ತನ್ನ ಮಾತು ನಂಬಿ, ಕೈಗೆ ಬಂದ ಹೆಸರನ್ನು ಹ್ಯಾಲಿಫ್ಯಾಕ್ಸ್‌ನ ಹುಡುಗನಿಗೆ ಅರ್ಧ ಬೇಯಿಸಿ ಕೊಟ್ಟುಬಿಟ್ಟಿದ್ದಾನೆ. ಮೊದಲು ಬಂದದ್ದು ಸಿಟ್ಟು. ಯಾಕೆ ನಂಬಬೇಕಿತ್ತು ಈ ಮೂರ್ಖ?

"ಅದಕ್ಕೇ ಕೇಳೋಣ ಅಂತ," ರೇಯ್ನೊ ಮುಂದಕ್ಕೆ ಬಾಗಿದ. "ಸಾಧನೆಯಲ್ಲಿ ಎಲ್ಲಿ ತಪ್ಪಿತು? ನನಗೆ ಪೂರ್ತಿ ಅರ್ಥವಾಗಲ್ಲ, ನಿಜ. ಸುಮಾರಾಗಿ ಹೇಳಿದ್ರೂ ಸಾಕು. ತಪ್ಪು ಎಲ್ಲಿದೆ ಅಂತ ಗೊತ್ತಾದ್ರೆ ಮನಸ್ಸಿಗೆ ಸಮಾಧಾನ ಆಗುತ್ತೆ."

"ನಡುವೆ ಒಂದು ಹೆಜ್ಜೆ ಇದೆ," ಎಂದ ಕಾನ್ರಾಡ್. ತನ್ನ ಧ್ವನಿ ತರಗತಿಯ ಧ್ವನಿಯಾದದ್ದು ಅವನಿಗೇ ಕೇಳಿಸಿತು. "ಬಹಳ ಸೂಕ್ಷ್ಮವಾದ ಹೆಜ್ಜೆ. ಅಲ್ಲಿ ಒಂದು ತೂತು ಉಳಿದುಬಿಟ್ಟಿದೆ. ದೊಡ್ಡ ದೊಡ್ಡವರಿಗೂ ಆಗುತ್ತೆ."

"ಹಾಗೇ ಇರಬೇಕು ಅಂದ್ಕೊಂಡೆ!" ರೇಯ್ನೊನ ಮುಖಕ್ಕೆ ಜೀವ ಬಂತು. "ನೋಡಿದೆಯಾ ಮಾರಿಟ್? ನಾನು ಹೇಳಲಿಲ್ಲವಾ?"

ಮಾರಿಟ್ ಅಣ್ಣನನ್ನೇ ನೋಡುತ್ತಿದ್ದಳು. ತಾತ್ಸಾರ ಎಲ್ಲೆಫ್ಸನ್ ಮನೆತನದ ಆಸ್ತಿ. ಇಷ್ಟು ದಿನ ಅದರಲ್ಲಿ ತನ್ನ ಪಾಲನ್ನು ಅವಳು ಮುಟ್ಟಿರಲಿಲ್ಲ.

"ನಿನಗೆ ಸನ್ಮಾನ ಮಾಡಿದ ದಿನ ನಾನೂ ಬಂದಿದ್ದೆ, ಕಾನ್. ಮುಂದಿನ ಸಾಲಲ್ಲೇ ಕೂತಿದ್ದೆ. 'ಎಲ್ಲೆಫ್ಸನ್ ಊಹೆ' ಅಂದ್ರು. ಇಷ್ಟು ವರ್ಷವಾದ್ರೂ ಯಾರ ಕೈಲೂ ಸಾಬೀತು ಮಾಡೋಕಾಗದೆ ನಿಂತಿದೆ ಅಂತ ಹೊಗಳಿದ್ರು. ನೀನು ಗದ್ದ ಎತ್ತಿಕೊಂಡು ಕೂತಿದ್ದೆ. ಆಮೇಲೆ ಸಾಬೀತು ಮಾಡಿದೆಯೇನೋ, ನಮಗೆ ಹೇಳೋಕೆ ಮರೆತಿದ್ದೀಯೇನೋ ಅಂದ್ಕೊಂಡೆ. ಮಾಡಿದ್ಯಾ?"

"ಮಾರಿಟ್, ಇದು ನಿನಗೆ..."

"ನನಗೆ ಅರ್ಥವಾಗಲ್ಲ. ಸರಿ. ಹೌದು ಅಥವಾ ಇಲ್ಲ ಅನ್ನೋದು ಅರ್ಥವಾಗುತ್ತೆ. ಇಲ್ಲದ ಸಾಧನೆಗೆ ತೂತು ಎಲ್ಲಿಂದ ಬಂತು?"

ರೇಯ್ನೊ ಇಬ್ಬರ ಮುಖವನ್ನೂ ನೋಡಿದ. "ಬಿಡೇ, ಪ್ರೊಫೆಸರ್ ಯಾಕೆ ಸುಳ್ಳು ಹೇಳ್ತಾರೆ?" ಎಂದ.

ಇನ್ನೊಂದು ಸುಳ್ಳಿಗೆ ಬೇಕಾದಷ್ಟು ದಾರಿ ಅಲ್ಲೇ ಬಿದ್ದಿತ್ತು. ಸಾಧನೆ ಇತ್ತು, ಪ್ರಕಟವಾಗಿರಲಿಲ್ಲ ಎನ್ನಬಹುದಿತ್ತು. ರೇಯ್ನೊ ಅದನ್ನೂ ನಂಬುತ್ತಿದ್ದ. ನಂಬುತ್ತಾನೆಂಬುದನ್ನೇ ಕಾನ್ರಾಡ್‌ಗೆ ತಡೆಯಲಾಗಲಿಲ್ಲ. ಜೀವಮಾನವೆಲ್ಲ ಬೇರೆಯವರ ಮೇಲೆ ಕಾರಿದ ಹೇಸಿಗೆ ಒಮ್ಮೆಗೇ ತಿರುಗಿ ತನ್ನ ಮೇಲೇ ಬಿದ್ದಂತಾಯಿತು.

"ಸಾಬೀತಾಗಿರಲಿಲ್ಲ," ಎಂದ. "ಯಾವತ್ತೂ ಆಗಿರಲಿಲ್ಲ. ಅದು ಊಹೆ."

ಕೆಳಗೆ ಬೇಸ್‌ಮೆಂಟಿನಲ್ಲಿ ಯಂತ್ರಗಳು ಗುಯ್‌ಗುಟ್ಟುತ್ತಿದ್ದವು. ರೇಯ್ನೊ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡಿದ.

"ಮತ್ತೆ ಆಗಿದೆ ಅಂದ್ರಲ್ಲ. ನಾನು ಕೇಳಿದ್ದು ಅದನ್ನೇ ಅಲ್ಲವಾ?"

"ಅಂದೆ."

"ಯಾಕೆ?"

"ನಿನಗೆ ಅದರ ವ್ಯತ್ಯಾಸ ಗೊತ್ತಾಗಲ್ಲ ಅಂದ್ಕೊಂಡೆ."

ಮಾರಿಟ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ರೇಯ್ನೊ ಕೈಸನ್ನೆಯಲ್ಲೇ ಅವಳನ್ನು ಕೂರಿಸಿದ. ಅವನಿಗೆ ಸಿಟ್ಟು ಬಂದಿದ್ದರೆ ಕಾನ್ರಾಡ್‌ಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಯೋಚನೆ ಮಾಡುತ್ತಿದ್ದ.

"ನನ್ನ ಅಂಗಡಿಯಲ್ಲಿ ರೆಕ್ಸಿನ್ ಸೋಫಾನೂ ಇದೆ, ಚರ್ಮದ್ದೂ ಇದೆ," ಎಂದ ನಿಧಾನವಾಗಿ. "ಎಷ್ಟೋ ಜನಕ್ಕೆ ಮುಟ್ಟಿದ್ರೂ ಗೊತ್ತಾಗಲ್ಲ. ಅಂಥವರಿಗೇ ನೋಡಿ, ನಾವು ಬಾಯಿಬಿಟ್ಟು ಹೇಳಬೇಕಾಗಿರೋದು. ಗೊತ್ತಿರೋನಿಗೆ ಹೇಳೋದೇನಿದೆ?"

ಕಾನ್ರಾಡ್ ಆ ಮಾತಿನಲ್ಲಿ ಹುಳುಕು ಹುಡುಕಿದ, ಅಭ್ಯಾಸಬಲ. ಸಿಗಲಿಲ್ಲ.

"ನನಗೊಂದು ಅನುಮಾನ," ರೇಯ್ನೊ ಮತ್ತೆ ಶುರುಮಾಡಿದ. ಅವನ ಧ್ವನಿಯಲ್ಲಿ ವ್ಯಂಗ್ಯದ ಸುಳಿವೂ ಇರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳುತ್ತಿದ್ದ. "ಇಷ್ಟು ವರ್ಷ ಈ ಮೇಜಿನ ಮುಂದೆ ಕೂತು ಎಷ್ಟೊಂದು ಹೇಳಿದ್ರಿ. ನಾನು ಒಂದೂ ಬಿಡದೆ ಕೇಳಿಸಿಕೊಂಡಿದ್ದೀನಿ. ಅಂಗಡಿಗೆ ಬರೋರಿಗೆಲ್ಲ ನಮ್ಮ ಪ್ರೊಫೆಸರ್ ಹೀಗಂದ್ರು, ಹಾಗಂದ್ರು ಅಂತ ಹೇಳಿದ್ದೀನಿ. ಅದರಲ್ಲಿ ಸಾಬೀತಾಗಿದ್ದು ಯಾವುದು?"

ಕಾನ್ರಾಡ್ ಹುಡುಕಿದ. ಆ ಮೇಜಿನ ಮುಂದೆ ತಾನು ಆಡಿದ್ದೆಲ್ಲ ನೆನಪಾಗುತ್ತಾ ಹೋಯಿತು. ಎಲ್ಲ ಅಭಿಪ್ರಾಯ, ಕುಹಕ, ಇನ್ನೊಬ್ಬರ ಬಗ್ಗೆ ಒಂದು ಚುಚ್ಚು. ಕೊನೆಗೆ, ಬಹಳ ಹಿಂದೆ, ಇದೇ ಬ್ರೆಡ್ಡು ತಿನ್ನುತ್ತಾ ಹೇಳಿದ ಒಂದು ಮಾತು ಕೈಗೆ ಸಿಕ್ಕಿತು. ಮುಳುಗುವವನು ಹಲಗೆ ಹಿಡಿದಂತೆ ಹಿಡಿದುಕೊಂಡ.

"ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯೇ ಇಲ್ಲ ಅಂದಿದ್ದೆ. ಎಷ್ಟು ದೂರ ಹೋದರೂ ಇನ್ನೊಂದು ಇದ್ದೇ ಇರುತ್ತೆ ಅಂತ. ಅದು ಸಾಬೀತಾಗಿದೆ, ರೇಯ್ನೊ. ಸಂಪೂರ್ಣವಾಗಿ. ಎರಡು ಸಾವಿರ ವರ್ಷದ ಹಿಂದೆಯೇ."

ರೇಯ್ನೊ ತಲೆದೂಗಿದ. ತಟ್ಟೆ ಎತ್ತಿಕೊಂಡು ಎದ್ದು ನಿಂತ.

"ಅದನ್ನ ಸಾಬೀತು ಮಾಡಿದ್ದು ನೀನಲ್ಲವಲ್ಲ, ಕಾನ್ರಾಡ್," ಎಂದ. ಕೆಳಗೆ ಒಂದು ಯಂತ್ರ ಕೆಲಸ ಮುಗಿಸಿ ಕೂಗಿತು. ಅವನು ಮುಂದಿನ ಘಾತ ಹಾಕಲು ಮೆಟ್ಟಿಲಿಳಿದು ಹೋದ.